ಟಿಕ್ ಬೀಳದ ಸಾಲು

ನಾನು ಮನಸ್ಸು ಬಿಚ್ಚಿ ಮಾತಾಡಿದಾಗಲೆಲ್ಲ ಬಾಸಿಲ್ ಜೇಬಿನಿಂದ ಪೆನ್ನು ತೆಗೆಯುತ್ತಿದ್ದ. ಇದು ನನ್ನ ಐದು ವರ್ಷದ ದೂರು. ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ ಅವರು ನಗುತ್ತಿದ್ದರು. ಈ ಆಲ್ಬಿನಾ ಬಾಯಿ ತೆರೆದರೆ ನಗಬೇಕು ಎನ್ನುವುದು ಮಸ್ಕತ್ತಿನ ಕನ್ನಡಿಗರಿಗೆ ಅಷ್ಟು ಅಭ್ಯಾಸವಾಗಿ ಹೋಗಿತ್ತು.

ಒಂದೇ ಒಂದು ಸಂಗತಿ ಹೇಳುತ್ತೇನೆ, ನನ್ನ ಸಿಟ್ಟು ನ್ಯಾಯವೋ ಅಲ್ಲವೋ ನೀವೇ ಹೇಳಿ.

2005ನೇ ಇಸವಿ, ಒಂದು ಗುರುವಾರದ ಸಂಜೆ. ಸೀಬ್ ಬೀಚಿನ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದೆವು. ಕೈಯಲ್ಲಿ ಹಾಲಿಲ್ಲದ ಸುಲೈಮಾನಿ ಚಹಾ. ಸೂರ್ಯ ಮುಳುಗುತ್ತಿದ್ದ, ಗಾಳಿ ಹಿತವಾಗಿತ್ತು, ಬಾಸಿಲ್ ಹೊಸ ಶರ್ಟ್ ಹಾಕಿದ್ದ. ತಿಳಿ ನೀಲಿ. ಅವನ ಬಣ್ಣಕ್ಕೆ ಆ ನೀಲಿ ಎಷ್ಟು ಒಪ್ಪುತ್ತಿತ್ತೆಂದರೆ ನನಗೆ ಕಡಲಿನ ಕಡೆ ನೋಡಬೇಕೆಂಬುದೇ ಮರೆತುಹೋಗಿತ್ತು. ಅವನು ಒಮ್ಮೆ ತಿರುಗಿದ, ನಾನು ನೋಡುತ್ತಿದ್ದುದನ್ನು ನೋಡಿದ, ಎಡ ಹುಬ್ಬು ಸ್ವಲ್ಪ ಮೇಲೇರಿಸಿ ಮತ್ತೆ ಚಹಾಕ್ಕೆ ಊದತೊಡಗಿದ. ಆ ಹುಬ್ಬಿನಿಂದಾಗಿ ನನಗೆ ಧೈರ್ಯ ಬಂತು.

"ಬಾಸಿಲ್, ನೀನಿಲ್ಲದ ದಿನ ಮನೆಗೆ ಹೋದ್ರೆ ಎಂತಕ್ಕೂ ರುಚಿ ಇಲ್ಲ ಮಾರಾಯ. ಮಾತಾಡ್ಲಿಕ್ಕೆ ಜನ ಇಲ್ಲದ ಹಾಗೆ ಆಗ್ತದೆ."

ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿತ್ತು. ಅವನು ಚಹಾ ಕೆಳಗಿಟ್ಟ. ನನ್ನ ಕಡೆಗೆ ಪೂರ್ತಿ ತಿರುಗಿದ. ಕಣ್ಣುಗಳು ದೊಡ್ಡದಾದವು.

"ಒಂದು ನಿಮಿಷ," ಎಂದ. "ಪುನಃ ಹೇಳು. 'ಎಂತಕ್ಕೂ ರುಚಿ ಇಲ್ಲ', ಮತ್ತೆ?"

ಪೆನ್ನು ಹೊರಗೆ ಬಂದಿತ್ತು.

ಮೂರು ವಾರದ ನಂತರ ರುವಿಯ ಸ್ಟೇಜಿನ ಮೇಲೆ ಅದೇ ಮಾತನ್ನು ನಾನು ಒಂದು ಪ್ರೆಶರ್ ಕುಕ್ಕರಿಗೆ ಹೇಳಿದೆ. ಗಂಡ ಓವರ್‌ಟೈಮಿಗೆ ಹೋಗಿದ್ದಾನೆ, ಹೆಂಡತಿ ಕುಕ್ಕರಿನ ಜೊತೆ ಮಾತಾಡುತ್ತಿದ್ದಾಳೆ. ಕುಕ್ಕರಿನ ಸೀಟಿಯನ್ನು ಬಾಸಿಲ್ ಬಾಯಲ್ಲೇ ಊದಿದ. ಜನ ಬಿದ್ದು ಬಿದ್ದು ನಕ್ಕರು. ನನ್ನ ಪ್ರೇಮಕ್ಕೆ ಆ ವರ್ಷ ಸಿಕ್ಕಿದ ಉತ್ತರ ಮೂರು ಸೀಟಿ.

ನಮ್ಮ ಜೋಡಿ ಹುಟ್ಟಿದ್ದೂ ಜಗಳದಿಂದಲೇ.

ಬಾಸಿಲ್ ರುಸೈಲ್ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್. ನನ್ನ ಅಣ್ಣ ಕ್ರಿಸ್ಟೋಫರ್ ಅಲ್ಲೇ ಸ್ಟೋರ್ಸಿನಲ್ಲಿದ್ದ. ನಾನು ಅಲ್ ಖೌದ್‌ನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್, ವಾಸ ಅಣ್ಣ ಅತ್ತಿಗೆಯ ಜೊತೆ. 2001ರ ಡಿಸೆಂಬರಿನಲ್ಲಿ ಫ್ಯಾಕ್ಟರಿಯ ಆನ್ಯುವಲ್ ಡೇಗೆ ಮನೆಯವರನ್ನೂ ಕರೆದಿದ್ದರು. ಕ್ಯಾಂಟೀನ್ ಹಾಲಿನಲ್ಲಿ ಬಿರಿಯಾನಿಗೆ ಕಾಯುತ್ತಾ ಕೂತಿದ್ದೆ. ಬೆಳ್ಳಗೆ ಇಸ್ತ್ರಿ ಮಾಡಿದ ಶರ್ಟಿನ ಒಬ್ಬ ಗಿಟಾರ್ ಹಿಡಿದು ಬಂದು ಇಂಗ್ಲಿಷ್ ಹಾಡು ಶುರು ಮಾಡಿದ. ರಾಗ ಚೆನ್ನಾಗಿತ್ತು, ಆದರೆ ಉಚ್ಚಾರ? ಮಂಗಳೂರು ಕುಲಶೇಖರದ ಹುಡುಗ ಅಮೆರಿಕದಲ್ಲಿ ಹುಟ್ಟಿದವನ ಹಾಗೆ ನಾಲಗೆ ಮಡಚುತ್ತಿದ್ದ. ನನಗೆ ಹಸಿವಾದರೆ ನಾಲಗೆಯ ಮೇಲೆ ಹಿಡಿತ ಇರುವುದಿಲ್ಲ.

"ಬಾಯಿ ತುಂಬ ಖರ್ಜೂರ ಇಟ್ಕೊಂಡು ಯಾಕೆ ಹಾಡ್ತೀರಿ?" ಎಂದು ಕೂತಲ್ಲಿಂದಲೇ ಕೇಳಿದೆ.

ಅವನು ಹಾಡು ನಿಲ್ಲಿಸಿದ. ಮೈಕಿನಲ್ಲೇ ಹೇಳಿದ: "ನಿಮಗೆ ಬರುವುದಾದ್ರೆ ಬನ್ನಿ."

ಹೋದೆ. ಹೋಗಿ ಅಪ್ಪ ನಮ್ಮೂರು ಶಿರ್ವದಲ್ಲಿ ಹಬ್ಬಕ್ಕೆ ಹಾಡುತ್ತಿದ್ದ ಒಂದು ಹಾಡನ್ನು ನನಗೆ ತೋಚಿದ ಕನ್ನಡದಲ್ಲಿ ಹಾಡಿದೆ. ಅವನು ತಪ್ಪು ಶ್ರುತಿ ಹಿಡಿದ, ನಾನು ಬೈದೆ, ಅವನು ಗಿಟಾರಿನಲ್ಲೇ ಉತ್ತರ ಕೊಟ್ಟ. ಇದೆಲ್ಲ ಮೊದಲೇ ಪ್ರಾಕ್ಟೀಸ್ ಮಾಡಿದ್ದೆಂದು ತಿಳಿದು ಹಾಲಿಗೆ ಹಾಲೇ ಚಪ್ಪಾಳೆ ಹೊಡೆಯಿತು. ಎಲ್ಲರಿಗಿಂತ ಜಾಸ್ತಿ ನಕ್ಕವರು ಪ್ರೊಡಕ್ಷನ್ ಮ್ಯಾನೇಜರ್ ಮೈಕಲ್, ಲಂಡನ್ನಿನವರು. ಅವರಿಗೆ ಒಂದು ಅಕ್ಷರವೂ ಅರ್ಥವಾಗಿರಲಿಲ್ಲ.

ಮರುದಿನ ಅವರು ಬಾಸಿಲ್‌ಗೆ ಒಂದು ಹಳೆಯ ಕ್ಯಾಸೆಟ್ ಕೊಟ್ಟರು. ಅದರ ಮೇಲೆ 'ಲೆನ್ ಅಂಡ್ ಪೆಗ್ಗಿ' ಎಂದಿತ್ತು. ಲೆನ್ ಲಂಡನ್ನಿನ ಬಂದರಿನಲ್ಲಿ ಪೆಟ್ಟಿಗೆ ಹೊರುತ್ತಿದ್ದವನು, ಪೆಗ್ಗಿ ಅದೇ ಬಂದರಿನ ಕ್ಯಾಂಟೀನಿನಲ್ಲಿ ಚಹಾ ಸುರಿಯುತ್ತಿದ್ದವಳು. ಇಬ್ಬರೂ ತಮ್ಮ ಬಂದರಿನ ಮಾತಿನಲ್ಲೇ, ಒಂದಿಷ್ಟೂ ನಾಜೂಕು ಮಾಡದೆ, ಸೀದುಹೋದ ಬ್ರೆಡ್ಡು, ಸೋರುವ ನಲ್ಲಿ, ಗೊರಕೆ ಹೊಡೆಯುವ ಗಂಡ ಇಂಥವನ್ನೇ ಹಾಡಿ, ನಡುನಡುವೆ ಜಗಳವಾಡಿ, ಇಪ್ಪತ್ತಾರು ವರ್ಷ ಊರೂರು ಸುತ್ತಿದ್ದರಂತೆ. ಟಿವಿಯಲ್ಲಿ ಬಂದರಂತೆ. ಕ್ಯಾಸೆಟ್ಟಿನ ಕವರಿನಲ್ಲಿ ಪೆಗ್ಗಿ ಸೌಟು ಎತ್ತಿ ಹಿಡಿದಿದ್ದಾಳೆ, ಲೆನ್ ಪಿಯಾನೋದ ಹಿಂದೆ ಬಗ್ಗಿದ್ದಾನೆ. ಅವನು ಬಗ್ಗಿದ್ದರೂ ಕಣ್ಣು ಮಾತ್ರ ಅವಳ ಮುಖದ ಮೇಲೆ. ಆ ಫೋಟೋವನ್ನು ನಾನು ಬಹಳ ಸಲ ನೋಡಿದ್ದೇನೆ.

"ನಮ್ಮದೇ ಮಾತಲ್ಲಿ ಹೀಗೆ ಮಾಡ್ಬಹುದು," ಎಂದ ಬಾಸಿಲ್.

ಮಾಡಿದೆವು. 'ಬಾಸಿಲ್ ಅಂಡ್ ಆಲ್ಬಿನಾ'. ಅವನ ಕೈಯಲ್ಲಿ ಗಿಟಾರ್, ನನ್ನ ಕಂಕುಳಲ್ಲಿ ಅಪ್ಪ ಬಾರಿಸುತ್ತಿದ್ದ ಮಣ್ಣಿನ ಗುಮಟೆ. ರುವಿಯಿಂದ ಸಹಮ್‌ವರೆಗೆ ಯಾವ ಸಂಘದ ವಾರ್ಷಿಕೋತ್ಸವವಿದ್ದರೂ ನಾವು ಬೇಕೇ ಬೇಕು. ಫೋನ್ ಕಾರ್ಡ್ ಮುಗಿಯುವ ಮೊದಲು ಜಗಳ ಮುಗಿಸಬೇಕಾದ ಗಂಡ ಹೆಂಡತಿಯ ಹಾಡು, ರಜೆಗೆ ಹೋಗುವವನಿಗೆ ಊರಿಂದ ಬರುವ ಸಾಮಾನಿನ ಪಟ್ಟಿಯ ಹಾಡು, ರಜೆ ಕೊಡದ ಧಣಿ ಕಫೀಲನಿಗೆ ಜ್ವರ ಬರಲೆಂದು ಹರಕೆ ಹೇಳುವ ಹಾಡು. ಮುಂದೆ ಕೂತ ಗಂಡಸರಲ್ಲಿ ಮುಕ್ಕಾಲು ಜನ ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದವರು. ಒಮ್ಮೆ ಬಿಜಾಪುರದ ಕಡೆಯ ವೆಲ್ಡರ್ ಒಬ್ಬರು ಬಂದು, "ಎರಡು ವರ್ಷಾತ್ರಿ ನನ್ನ ಹೇಣ್ತಿ ಬೈದು. ಇವತ್ತ ನೀವು ಬೈದ್ರಿ, ಮನಸಿಗೆ ಸಮಾಧಾನ ಆತು," ಎಂದು ಕೈ ಮುಗಿದರು. ಆ ದಿನ ಗ್ರೀನ್ ರೂಮಿಗೆ ಹೋಗಿ ನಾನು ಅತ್ತೆ.

ನಮ್ಮಿಬ್ಬರ ಮನೆಮಾತು ಕೊಂಕಣಿ. ಸ್ಟೇಜಿಗೆ ಮಾತ್ರ ಕನ್ನಡ. ವರ್ಷ ಕಳೆದಂತೆ ಆ ಸ್ಟೇಜಿನ ಕನ್ನಡ ಮೆಲ್ಲನೆ ಕೆಳಗಿಳಿದು ಕಾರಿಗೂ, ಬೀಚಿಗೂ, ಫೋನಿಗೂ ಬಂದುಬಿಟ್ಟಿತ್ತು. ಏನು ಮಾತಾಡಿದರೂ ಪ್ರಾಕ್ಟೀಸ್ ಮಾಡಿದ ಹಾಗೆ ಕೇಳುತ್ತಿತ್ತು.

ಇನ್ನು ಆ ನೋಟ್‌ಬುಕ್ಕಿನ ವಿಷಯ ಹೇಳಬೇಕು.

ಬಾಸಿಲ್ ಸ್ಟೇಜಿನ ಕೆಳಗೆ ಮೌನಿ. ಅಂಗಡಿಯಲ್ಲಿ ಈರುಳ್ಳಿ ಬೇಕಾದರೆ ಬೆರಳು ತೋರಿಸುವ ಜಾತಿ. ಬರೆದಿಟ್ಟುಕೊಂಡರೆ ಮಾತ್ರ ಅವನಿಗೆ ಮಾತು ಬರುತ್ತಿತ್ತು. ಹಾಗಾಗಿ ನೀಲಿ ರಟ್ಟಿನ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಪ್ರತಿ ಪ್ರೋಗ್ರಾಮಿನ ಪ್ರತಿ ಸಾಲನ್ನೂ ಬರೆಯುತ್ತಿದ್ದ: ಎಡಗಡೆ ಅವನದು, ಬಲಗಡೆ ನನ್ನದು. ನಾನು ಸ್ಟೇಜಿನಲ್ಲಿ ಬಾಯಿಗೆ ಬಂದದ್ದು ಸೇರಿಸುತ್ತಿದ್ದೆ, ಅವನು ಮಾತ್ರ ಬರೆದದ್ದನ್ನು ಬಿಟ್ಟು ಒಂದು ಅಕ್ಷರ ಆಚೀಚೆ ಆಡುತ್ತಿರಲಿಲ್ಲ. ಪ್ರೋಗ್ರಾಂ ಮುಗಿದ ಮೇಲೆ ನೋಟ್‌ಬುಕ್ ನನ್ನ ಮನೆಗೆ ಬರುತ್ತಿತ್ತು. ಯಾವ ಸಾಲಿಗೆ ಜನ ನಕ್ಕರೋ ಅದಕ್ಕೆ ನಾನು ಕೆಂಪು ಪೆನ್ನಿನಲ್ಲಿ ಟಿಕ್ ಹಾಕಬೇಕು. ಟಿಕ್ ಬೀಳದ ಸಾಲನ್ನು ಮುಂದಿನ ಸಲ ಅವನು ತೆಗೆದುಹಾಕುತ್ತಿದ್ದ.

2007ರ ಫೆಬ್ರವರಿ. ಸಹಮ್‌ನಲ್ಲಿ ಕನ್ನಡಿಗರ ಸಂಜೆ. ಅಲ್ಲಿ ಕೆಫೆಟೇರಿಯಾ ನಡೆಸುವ ಬಂಟ್ವಾಳದ ಅಬ್ಬಾಸ್ ಬ್ಯಾರಿ ಕಾರ್ಯಕ್ರಮದ ಹೊಣೆ ಹೊತ್ತಿದ್ದರು. ಬಾಸಿಲ್‌ನ ಹಳೆಯ ಕೊರೊಲ್ಲಾದಲ್ಲಿ ಹೊರಟೆವು. ಎರಡು ಗಂಟೆಯ ದಾರಿ. ಬರ್ಕಾ ದಾಟಿದ ಮೇಲೆ ನಾನು ವಿಷಯ ತೆಗೆದೆ.

"ಕ್ರಿಸ್ಟಲ್ ಅತ್ತಿಗೆ ಒಂದು ಗಂಡು ನೋಡಿದ್ದಾರೆ. ಮ್ಯಾಕ್ಸಿಮ್ ಅಂತ. ಬಹರೈನ್‌ನಲ್ಲಿ ಇರುವುದು. ಮೇಯಲ್ಲಿ ಊರಿಗೆ ಹೋದಾಗ ಮಾತುಕತೆ ಅಂತೆ."

ಬಾಸಿಲ್ ರಸ್ತೆ ನೋಡುತ್ತಿದ್ದ. "ಹೇಗುಂಟು ಹುಡುಗ?"

"ಫೋಟೋದಲ್ಲಿ ಟೈ ಕಟ್ಟಿದ್ದಾನೆ."

"ಟೈ ಒಳ್ಳೇದು."

"ನನಗೆ ಇಪ್ಪತ್ತೊಂಬತ್ತು ಆಯ್ತು ಬಾಸಿಲ್. ಬೇಡ ಅನ್ಲಿಕ್ಕೆ ಒಂದು ಕಾರಣ ಬೇಡ್ವಾ? ಅಣ್ಣ ಕೇಳಿದ್ರೆ ಎಂತ ಹೇಳುವುದು ನಾನು?"

ಇಷ್ಟು ಬಿಡಿಸಿ ಹೇಳಿದರೆ ಕಲ್ಲಿಗೂ ಅರ್ಥವಾಗಬೇಕು. ಅವನು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದ. ಜೇಬಿನ ಕಡೆ ಕೈ ಹೋಗಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು. ಕುಕ್ಕರಿನ ವಿಷಯ ಬರೆದುಕೊಂಡವನಿಗೆ ನನ್ನ ಮದುವೆಯ ವಿಷಯ ಒಂದು ಸಾಲಿಗೂ ಲಾಯಕ್ಕಿಲ್ಲವೇ? ಸಹಮ್ ಬರುವವರೆಗೆ ನಾನು ಕಿಟಕಿಯ ಹೊರಗಿನ ಖರ್ಜೂರದ ತೋಟ ನೋಡುತ್ತಾ ಕೂತೆ.

ಹಾಲ್ ತುಂಬಿತ್ತು. ನಾನೂರು ಜನ ಇರಬಹುದು. ಫೋನ್ ಕಾರ್ಡಿನ ಹಾಡಾಯಿತು, ಟಿಫಿನ್ ಡಬ್ಬಿಯ ಜಗಳವಾಯಿತು. ಮುಂದಿನದು ಸಾಬೂನಿನ ಜಗಳ. ಅವನು ಗಿಟಾರಿನ ಮೇಲೆ ಎರಡು ಬೆರಳಿನಿಂದ ತಟ್ಟಿ ನನ್ನ ಕಡೆ ನೋಡಬೇಕು. ಆ ಅರ್ಧ ಕ್ಷಣದ ನೋಟ ನಮ್ಮ ಸಿಗ್ನಲ್. ಅವನು ನೋಡಿದ, ಆದರೆ ತಟ್ಟಲಿಲ್ಲ. ಕಣ್ಣು ಅಲ್ಲೇ ನಿಂತಿತು. ಸ್ಟೇಜಿನ ದೀಪಕ್ಕೆ ಅವನ ಹಣೆಯ ಬೆವರು ಹೊಳೆಯುತ್ತಿತ್ತು.

"ಆಲ್ಬಿನಾ," ಎಂದ ಮೈಕಿನಲ್ಲಿ. "ನಾವು ನಿಜವಾಗಿ ಮದುವೆ ಆಗುವಾ?"

ಹೊಸ ಸಾಲು, ನನಗೆ ಮೊದಲೇ ತೋರಿಸಿಲ್ಲ, ಸರಿ, ಸುಮ್ಮನೆ ಬಿಡಲಿಕ್ಕೆ ನಾನೇನು ಕಡಿಮೆಯೇ ಎಂದುಕೊಂಡೆ. ಸೊಂಟಕ್ಕೆ ಕೈ ಇಟ್ಟೆ.

"ಐದು ವರ್ಷ ನಿನ್ನ ಜೊತೆ ಸುಳ್ಳು ಸಂಸಾರ ಮಾಡಿಯೇ ನನ್ನ ತಲೆ ಹಣ್ಣಾಯ್ತು. ನಿಜವಾದ್ದು ಮಾಡಿದ್ರೆ ಪೂರ್ತಿ ಬೋಳೇ!"

ಹಾಲ್ ಹಾರಿಹೋಗುವ ಹಾಗೆ ನಕ್ಕಿತು. ಜನ ಕುರ್ಚಿ ತಟ್ಟಿದರು, ಸೀಟಿ ಹೊಡೆದರು, ಒಬ್ಬರು ಎದ್ದು ನಿಂತು ಇನ್ನೊಮ್ಮೆ ಎಂದು ಕೂಗಿದರು. ಐದು ವರ್ಷದಲ್ಲಿ ನನಗೆ ಅಂಥ ನಗು ಸಿಕ್ಕಿರಲಿಲ್ಲ. ಗೆದ್ದವಳ ಹಾಗೆ ಬಾಸಿಲ್ ಕಡೆ ನೋಡಿದೆ. ಅವನೂ ನಗುತ್ತಿದ್ದ. ಬಾಯಿ ಮಾತ್ರ. ಆಮೇಲೆ ಬಗ್ಗಿ ಗಿಟಾರಿನ ತಂತಿ ಸರಿಮಾಡಿಕೊಂಡ, ಎರಡು ಬೆರಳು ತಟ್ಟಿದ, ಸಾಬೂನಿನ ಜಗಳ ಶುರುವಾಯಿತು.

ಕಾರಿನ ಹತ್ತಿರ ಅಬ್ಬಾಸ್ ಹಲ್ವದ ಡಬ್ಬಿ ಹಿಡಿದು ಬಂದರು. "ಆಲ್ಬಿನಾ ಬಾಯಮ್ಮ, ಆ ಬೋಳು ತಲೆಯ ಡೈಲಾಗ್ ಉಂಟಲ್ಲ, ನಗಾಡಿ ನಗಾಡಿ ನನ್ನ ಹೊಟ್ಟೆ ಹಿಡ್ಕೊಂಡಿದೆ. ಯಾರು ಬರೆದದ್ದು?"

"ಅದು ಅವಳದ್ದೇ," ಎಂದ ಬಾಸಿಲ್, ನೋಟ್‌ಬುಕ್ ನನ್ನ ಕೈಗೆ ಕೊಡುತ್ತಾ.

ವಾಪಸು ಬರುವಾಗ ಅವನು ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ನನ್ನ ಮದುವೆಯ ಸುದ್ದಿ ಕೇಳಿ ಟೈ ಒಳ್ಳೇದು ಎಂದವನ ಹತ್ತಿರ ಏನು ಮಾತು? ಮನೆಗೆ ಬಂದು ನೋಟ್‌ಬುಕ್ಕನ್ನು ಕಪಾಟಿನೊಳಗೆ ಎಸೆದೆ. ಟಿಕ್ ಹಾಕಲಿಲ್ಲ. ಬೇಕಾದರೆ ಫೋನ್ ಮಾಡಿ ಕೇಳಲಿ.

ಫೋನ್ ಬರಲಿಲ್ಲ. ಅಲ್ಲಿ ವಾರದ ರಜೆ ಶುಕ್ರವಾರ; ಒಂದು ಶುಕ್ರವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಹುಡುಕಿದೆ, ಅವನು ಬೇರೆ ಗೇಟಿನಿಂದ ಹೋಗಿಯಾಗಿತ್ತು. ಮೂರನೆಯ ವಾರ ಊಟಕ್ಕೆ ಕೂತಾಗ ಅಣ್ಣ, ಮೀನಿನ ಮುಳ್ಳು ಬಿಡಿಸುತ್ತಾ, ಸಾಮಾನ್ಯ ಸುದ್ದಿಯ ಹಾಗೆ ಹೇಳಿದ: "ಬಾಸಿಲ್ ಸಲಾಲಾಕ್ಕೆ ಟ್ರಾನ್ಸ್‌ಫರ್ ತಗೊಂಡನಂತಲ್ಲ. ಅವನೇ ಕೇಳಿ ಹಾಕಿಸಿಕೊಂಡದ್ದಂತೆ."

ಸಲಾಲಾ ಎಂದರೆ ಸಾವಿರ ಕಿಲೋಮೀಟರ್, ಬಸ್ಸಿನಲ್ಲಿ ಹನ್ನೆರಡು ಗಂಟೆ, ನಡುವೆ ಬರೀ ಮರಳು. ನಾನು ತಟ್ಟೆ ಬಿಟ್ಟು ಎದ್ದೆ.

ಮರುದಿನ ಕ್ಲಿನಿಕ್ಕಿಗೆ ರಜೆ ಹಾಕಿ ರುಸೈಲ್‌ಗೆ ಹೋದೆ. ಫ್ಯಾಕ್ಟರಿಯ ಗೇಟಿನಾಚೆ ಬಾಸಿಲ್ ಬಂದ, ಕೈಯಲ್ಲಿ ಗ್ರೀಸ್, ಮೀಸೆಯ ಮೇಲೆ ಮೈದಾ ಹಿಟ್ಟು. ಒರೆಸಬೇಕೆಂದು ನನ್ನ ಕೈ ಅರ್ಧ ಎದ್ದಿತು. ಸಿಟ್ಟಿನಲ್ಲಿದ್ದೆನಲ್ಲ, ಇಳಿಸಿದೆ.

"ಯಾಕೆ ಹೋಗುವುದು?"

"ಅಲ್ಲಿ ಹೊಸ ಓವನ್ ಹಾಕ್ತಾರೆ. ಮೆಕ್ಯಾನಿಕ್ ಬೇಕಂತೆ."

"ನಿನ್ನ ಬಿಟ್ರೆ ಒಮಾನ್‌ನಲ್ಲಿ ಬೇರೆ ಮೆಕ್ಯಾನಿಕ್ ಇಲ್ವಾ? ಮತ್ತೆ ನಾವು?"

ಅವನು ತಟ್ಟನೆ ತಲೆ ಎತ್ತಿದ. "ಎಂತ ನಾವು?"

ಆ ಕಣ್ಣುಗಳಲ್ಲಿ ಏನೋ ಕಾಯುತ್ತಿತ್ತು. ಅದು ನನಗೆ ಕಂಡಿತು, ಸುಳ್ಳು ಹೇಳುವುದಿಲ್ಲ. ಆದರೆ ಗೇಟಿನ ವಾಚ್‌ಮನ್ ನಮ್ಮನ್ನೇ ನೋಡುತ್ತಿದ್ದ, ಈಗಲೇ ನಗಲು ತಯಾರಾಗಿ ನಿಂತಿದ್ದ.

"ಪ್ರೋಗ್ರಾಂ!" ಎಂದೆ. "ಏಪ್ರಿಲ್‌ನಲ್ಲಿ ಎರಡು ಪ್ರೋಗ್ರಾಂ ಒಪ್ಪಿಕೊಂಡಾಗಿದೆ."

"ಕ್ಯಾನ್ಸಲ್ ಮಾಡುವಾ," ಎಂದ. "ಖಲಾಸ್. ಹೇಗೂ ನೀನು ಮೇಯಲ್ಲಿ ಹೋಗ್ತೀ ಅಲ್ವಾ." ಹೇಳಿ ಒಳಗೆ ಹೋದ.

ನಾನು ಗೋಡೆಗೆ ಒದೆಯಲಿಲ್ಲ, ಒದೆಯಬೇಕೆನ್ನಿಸಿತು. ಅಷ್ಟರಲ್ಲಿ ಮೈಕಲ್ ಅವರ ಕಾರು ಗೇಟಿನಿಂದ ಹೊರಗೆ ಬಂತು. ನನ್ನ ಮುಖ ನೋಡಿ ನಿಲ್ಲಿಸಿದರು, ಅಲ್ ಖೌದ್‌ವರೆಗೆ ಬಿಡುತ್ತೇನೆಂದು ಹತ್ತಿಸಿಕೊಂಡರು. ಜೋಡಿ ಒಡೆಯುತ್ತಿದೆ ಎಂದು ಅವರಿಗೂ ಬೇಜಾರು.

"ಲೆನ್ ಅಂಡ್ ಪೆಗ್ಗಿ ಎಷ್ಟೋ ಅದೃಷ್ಟವಂತರು ಸರ್," ಎಂದೆ ಇಂಗ್ಲಿಷಿನಲ್ಲಿ. "ಗಂಡ ಹೆಂಡತಿಗೆ ಟ್ರಾನ್ಸ್‌ಫರಿನ ತಾಪತ್ರಯ ಇಲ್ಲ."

"ಗಂಡ ಹೆಂಡತಿಯಾ? ಯಾರು ಹೇಳಿದ್ದು?" ಮೈಕಲ್ ಆಶ್ಚರ್ಯದಿಂದ ನನ್ನ ಕಡೆ ತಿರುಗಿದರು. "ಅವರು ಮದುವೆಯಾಗಲೇ ಇಲ್ಲ. ಪರಸ್ಪರ ಅಲ್ಲ, ಬೇರೆಯವರನ್ನೂ ಅಲ್ಲ. ನನ್ನ ಅಮ್ಮ ಅವರ ದೊಡ್ಡ ಅಭಿಮಾನಿ. ಒಂದು ಸಲ ಶೋ ಮುಗಿದ ಮೇಲೆ ಬಸ್‌ಸ್ಟಾಪಿನಲ್ಲಿ ನೋಡಿದರಂತೆ. ರಸ್ತೆಯ ಈ ಕಡೆ ಪೆಗ್ಗಿ, ಆ ಕಡೆ ಲೆನ್. ಅವಳ ಬಸ್ ಉತ್ತರಕ್ಕೆ, ಅವನ ಬಸ್ ದಕ್ಷಿಣಕ್ಕೆ. ಇಬ್ಬರೂ ಕೈ ಬೀಸಿ ಹತ್ತಿ ಹೋದರಂತೆ. ಇಪ್ಪತ್ತಾರು ವರ್ಷ ಹಾಗೇ."

"ಯಾಕೆ?"

"ಯಾರಿಗೆ ಗೊತ್ತು? ಯಾರು ಕೇಳಿದರೂ ಅವರು ಜೋಕ್ ಮಾಡುತ್ತಿದ್ದರು."

ಉಳಿದ ದಾರಿಯುದ್ದಕ್ಕೂ ಕ್ಯಾಸೆಟ್ಟಿನ ಕವರಿನ ಮೇಲಿನ ಲೆನ್‌ನ ಕಣ್ಣು ನೆನಪಾಗುತ್ತಿತ್ತು.

ಬಾಸಿಲ್ ಹೊರಡುವುದು ಶುಕ್ರವಾರ ಬೆಳಿಗ್ಗೆ. ಗುರುವಾರ ಸಂಜೆ ಅತ್ತಿಗೆ ಮೇಯ ಪ್ರಯಾಣಕ್ಕೆಂದು ಸೂಟ್‌ಕೇಸ್ ಇಳಿಸಲು ಕಪಾಟು ತೆಗೆದರು, ನೀಲಿ ನೋಟ್‌ಬುಕ್ ಅವರ ಕಾಲಿನ ಮೇಲೆ ಬಿತ್ತು.

"ಇದೆಂತ ಆಲ್ಬಿನಾ, ಅವನದ್ದು ಅವನಿಗೆ ಕೊಡ್ಬಾರ್ದಾ? ನಾಳೆ ಹೋಗ್ತಾನಲ್ಲ."

ಕೊಡುವುದಾದರೆ ಕೆಲಸ ಪೂರ್ತಿ ಮಾಡಿಯೇ ಕೊಡೋಣ, ಮಾತು ಬೇಡ ಎಂದುಕೊಂಡು ಕೆಂಪು ಪೆನ್ನು ಹಿಡಿದು ಕೂತೆ. ಸಹಮ್‌ನ ಪುಟ. ಫೋನ್ ಕಾರ್ಡ್, ಟಿಕ್. ಟಿಫಿನ್ ಡಬ್ಬಿಯ ಮೂರು ಸಾಲು, ಮೂರು ಟಿಕ್. ಇನ್ನು ಬೋಳು ತಲೆ, ಅದಕ್ಕೆ ಎರಡು ಟಿಕ್ ಹಾಕಬೇಕು. ಅದು ಬಲಗಡೆ ಇರಲಾರದು, ನಾನು ಆ ಕ್ಷಣಕ್ಕೆ ಕಟ್ಟಿದ್ದು. ಎಡಗಡೆ ಅವನ ಪ್ರಶ್ನೆಯನ್ನು ಹುಡುಕಿದೆ.

ಟಿಫಿನ್ ಡಬ್ಬಿಯ ಕೆಳಗೆ ಸಾಬೂನು ಇತ್ತು. ನಡುವೆ ಏನೂ ಇರಲಿಲ್ಲ.

ಹಿಂದಿನ ಪುಟ ತಿರುಗಿಸಿದೆ. ಮುಂದಿನದನ್ನು ತಿರುಗಿಸಿದೆ. ಬೈಂಡಿನ ಸಂದಿಯಲ್ಲಿ ಚೀಟಿ ಅಂಟಿಸಿದ್ದಾನೋ ಎಂದು ಉಗುರು ಹಾಕಿ ನೋಡಿದೆ. ಐದು ವರ್ಷದ ನೋಟ್‌ಬುಕ್ಕಿನಲ್ಲಿ, ಕುಕ್ಕರಿನ ಸೀಟಿಯನ್ನೂ ಎಣಿಸಿ ಬರೆದವನು, ಆ ಒಂದು ಸಾಲನ್ನು ಎಲ್ಲೂ ಬರೆದಿರಲಿಲ್ಲ.

ಬರೆಯದೆ ಒಂದು ಅಕ್ಷರ ಆಡದವನು.

ನನ್ನ ಕೈಯಿಂದ ಪೆನ್ನು ಬಿತ್ತು. ಅವನ ಹಣೆಯ ಬೆವರು, ತಟ್ಟದ ಬೆರಳು, ಬಾಯಿಯಷ್ಟೇ ನಕ್ಕ ನಗು, ಎಲ್ಲ ಸಾಲಾಗಿ ಬಂದು ಎದುರು ನಿಂತವು. ಬರ್ಕಾದಿಂದ ಸಹಮ್‌ವರೆಗೆ ಸ್ಟೀರಿಂಗ್ ಹಿಡಿದು ಅವನು ಧೈರ್ಯ ಕೂಡಿಸುತ್ತಿದ್ದ, ನಾನು ಖರ್ಜೂರದ ಮರ ನೋಡುತ್ತಿದ್ದೆ. ಎಂದೂ ಇಲ್ಲದ ಹಾಗೆ ಮನಸ್ಸಿನಿಂದ ನೇರ ಬಾಯಿಗೆ ಒಂದು ಮಾತು ತಂದ, ನಾನು ಅದರ ಮೇಲೆ ನಾನೂರು ಜನರನ್ನು ನಗಿಸಿದೆ. ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಅವನ ಮೇಲೂ ಬಂತು. ಬೀಚಿನಲ್ಲಿ ಕೇಳಬಾರದಿತ್ತೇ? ಕಾರಿನಲ್ಲಿ ಕೇಳಬಾರದಿತ್ತೇ? ಪ್ರಪಂಚದ ಜಾಗವೆಲ್ಲ ಬಿಟ್ಟು ಮೈಕಿನ ಮುಂದೆಯೇ ಕೇಳಬೇಕೇ?

ಫೋನ್ ಮಾಡಿದೆ. ಸ್ವಿಚ್ ಆಫ್. ಹದಿನಾಲ್ಕು ಸಲ ಮಾಡಿದೆ.

"ಎಂತಾಯ್ತು?" ಎಂದು ಅತ್ತಿಗೆ ಹತ್ತಿರ ಬಂದರು.

"ಅತ್ತಿಗೆ, ಮ್ಯಾಕ್ಸಿಮ್‌ಗೆ ಬೇಡ ಅಂತ ಹೇಳಿ," ಎಂದೆ. ಅವರು ನಗಲು ಬಾಯಿ ತೆರೆದರು, ನನ್ನ ಕಣ್ಣು ನೋಡಿ ಮುಚ್ಚಿಕೊಂಡರು. ಆಮೇಲೆ ಅಣ್ಣನನ್ನು ಕರೆಯಲು ಹೋದರು.

ಸಲಾಲಾದ ಬಸ್ಸು ರುವಿಯಿಂದ ಹೊರಟು ಗಡಿಯಾರ ಗೋಪುರವಿರುವ ಸಹ್ವಾ ರೌಂಡಬೌಟ್‌ನಲ್ಲಿ ಏಳೂಮುಕ್ಕಾಲಿಗೆ ನಿಲ್ಲುತ್ತದೆ. ರುಸೈಲ್‌ನವರು ಹತ್ತುವುದು ಅಲ್ಲೇ. ನಾನು ಟ್ಯಾಕ್ಸಿಯಿಂದ ಇಳಿದಾಗ ಬಸ್ಸು ಬಂದು ನಿಂತಿತ್ತು. ಬಾಸಿಲ್ ಗಿಟಾರನ್ನು ಡಿಕ್ಕಿಯೊಳಗೆ ಇಡುತ್ತಿದ್ದ. ತಿಳಿ ನೀಲಿ ಶರ್ಟ್.

"ಬಾಸಿಲ್!"

ತಿರುಗಿದ. ನನ್ನ ಕೈಯಲ್ಲಿದ್ದ ನೋಟ್‌ಬುಕ್ ನೋಡಿದ. "ಅದು ನಿನ್ನ ಹತ್ರವೇ ಇರ್ಲಿ," ಎಂದ ಕನ್ನಡದಲ್ಲಿ.

ನಾನು ಕನ್ನಡದಲ್ಲಿ ಉತ್ತರ ಕೊಡಲಿಲ್ಲ. ಎಷ್ಟೋ ಕಾಲದ ನಂತರ ಅವನ ಜೊತೆ ನಮ್ಮ ಕೊಂಕಣಿಯಲ್ಲಿ ಮಾತಾಡಿದೆ. "ಸಹಮ್‌ನಲ್ಲಿ ಕೇಳಿದ್ದನ್ನು ಪುನಃ ಕೇಳು."

ಅವನು ಬೆಚ್ಚಿದವನ ಹಾಗೆ ನಿಂತ. ಅಭ್ಯಾಸಬಲದಿಂದ ಕೈ ಜೇಬಿಗೆ ಹೋಯಿತು, ಪೆನ್ನು ಅರ್ಧ ಹೊರಗೆ ಬಂತು.

"ಬೇಡ. ಬರೆಯದೆ ಕೇಳು."

"ಬರೆಯದೆ ಒಮ್ಮೆ ಕೇಳಿದೆ," ಎಂದ, ಅವನೂ ಕೊಂಕಣಿಗೆ ಬಂದಿದ್ದ. ದನಿ ಒರಟಾಗಿತ್ತು. "ನಾನೂರು ಜನ ನಕ್ಕರು."

"ನಾನು ನಗಲಿಲ್ಲ."

"ನೀನು ನಗಿಸಿದ್ದು."

"ನೋಟ್‌ಬುಕ್ಕಿನಲ್ಲಿ ಇದೆ ಅಂದುಕೊಂಡೆ," ಎಂದೆ. "ನಿನ್ನೆ ಹುಡುಕಿದೆ. ಇಲ್ಲ. ನಿನ್ನೆಯವರೆಗೆ ನನಗೆ ಗೊತ್ತಾಗಲಿಲ್ಲ ಬಾಸಿಲ್. ನಾನು ದಡ್ಡಿ. ನೀನು ನನಗಿಂತ ದಡ್ಡ. ಗೇಟಿನ ಹತ್ತಿರ 'ನಾವು' ಅಂದೆನಲ್ಲ, ಅದು ಪ್ರೋಗ್ರಾಂ ಅಲ್ಲ."

"ಮ್ಯಾಕ್ಸಿಮ್?"

"ಅವನ ಟೈ ಅವನ ಹತ್ತಿರವೇ ಇರಲಿ. ಅಣ್ಣನಿಗೆ ಹೇಳಿಯಾಯಿತು."

ಡ್ರೈವರ್ ಹಾರ್ನ್ ಹೊಡೆದು ಅವಸರ ಮಾಡಿದ. "ಯಲ್ಲಾ, ಯಲ್ಲಾ!"

ಬಾಸಿಲ್ ಪೆನ್ನನ್ನು ನೋಡಿದ. ಮತ್ತೆ ಜೇಬಿನೊಳಗೆ ತಳ್ಳಿದ. ನಂತರ ಆ ಎಡ ಹುಬ್ಬು, ಬೀಚಿನಲ್ಲಿ ನನಗೆ ಧೈರ್ಯ ಕೊಟ್ಟ ಅದೇ ಹುಬ್ಬು, ನಡುಗುತ್ತಾ ಸ್ವಲ್ಪ ಮೇಲೆದ್ದಿತು. ಒಂದು ಹೆಜ್ಜೆ ಹತ್ತಿರ ಬಂದ. ಮೈಕಿಲ್ಲದೆ ಅವನ ಸ್ವರ ಎಷ್ಟು ಸಣ್ಣದು ಎಂದು ನನಗೆ ಆ ದಿನವೇ ತಿಳಿದದ್ದು.

"ಆಲ್ಬಿನಾ, ನಾವು ಮದುವೆ ಆಗೋಣವೇ?"

ಬಾಯಿ ತೆರೆದರೆ ಹತ್ತು ಉತ್ತರ ಉದುರುವ ನನ್ನ ನಾಲಗೆಯಲ್ಲಿ ಅಂದು ಒಂದೂ ಸಿಗಲಿಲ್ಲ. ಹುಡುಕಿದೆ. ಕೊನೆಗೆ ಸಿಕ್ಕಿದ್ದು ನಮ್ಮ ಕೊಂಕಣಿಯ 'ಹೌದು', ಮಗು ಮೊದಲು ಕಲಿಯುವ ಮಾತು.

"ವ್ಹಯ್," ಎಂದೆ.

ಅವನು ನನ್ನ ಕೈ ಹಿಡಿದ. ನೋಟ್‌ಬುಕ್ ಇಬ್ಬರ ನಡುವೆ ಸಿಕ್ಕಿಕೊಂಡಿತ್ತು. ಶನಿವಾರ ಡ್ಯೂಟಿಗೆ ಹಾಜರಾಗದಿದ್ದರೆ ಕೆಲಸ ಹೋಗುತ್ತದೆ, ಮೇಯಲ್ಲಿ ರಜೆ ಹಾಕಿ ಊರಿಗೆ ಬರುತ್ತೇನೆ, ಶಿರ್ವಕ್ಕೆ, ಮನೆಯವರನ್ನು ಕರೆದುಕೊಂಡು ಎಂದು ಒಂದೇ ಉಸಿರಿಗೆ ಹೇಳಿದ. ಅಷ್ಟು ಉದ್ದದ ಮಾತನ್ನು ಅವನು ಬರೆಯದೆ ಆಡಿದ್ದನ್ನು ನಾನು ಕೇಳಿರಲಿಲ್ಲ. ಡ್ರೈವರ್ ಮೂರನೆಯ ಸಲ ಹಾರ್ನ್ ಹೊಡೆದಾಗ ಅವನು ಹಿಂದೆ ನೋಡುತ್ತಲೇ ಮೆಟ್ಟಿಲು ಹತ್ತಲು ಹೋಗಿ ಎಡವಿದ. ನನ್ನ ಕಣ್ಣು ಹರಿಯುತ್ತಿತ್ತು.

ನಾನು ಅಭ್ಯಾಸದಂತೆ ಸುತ್ತ ನೋಡಿದೆ. ಬಿಳಿ ದಿಶ್‌ದಾಶ ನಿಲುವಂಗಿಯ ಅಜ್ಜ ಒಬ್ಬರು ಊರುಗೋಲು ಹಿಡಿದು ನಿಂತಿದ್ದರು. ಚಾಪೆ ಸುತ್ತಿಕೊಂಡ ನಾಲ್ಕು ಬಾಂಗ್ಲಾ ಕೆಲಸಗಾರರಿದ್ದರು. ಬಸ್ಸಿನ ಕಿಟಕಿಗಳ ತುಂಬ ಮುಖಗಳಿದ್ದವು, ಎಲ್ಲವೂ ನಮ್ಮ ಕಡೆಗೇ ತಿರುಗಿದ್ದವು.

ಯಾರೂ ನಗಲಿಲ್ಲ.